ಚಿಲಕವಿಲ್ಲದ ಬಚ್ಚಲಮನೆ

ಮೊದಲು ಕಾಣೆಯಾದದ್ದು ಬಚ್ಚಲಮನೆಯ ಒಳಚಿಲಕ. ಅದು ಮುರಿದಿರಲಿಲ್ಲ, ಯಾರೋ ಬಿಚ್ಚಿದ್ದರು. ಸ್ಕ್ರೂ ಇದ್ದ ತೂತುಗಳಿಗೆ ಬಿಳಿ ಸೋಪು ಒತ್ತಿ, ಬೆರಳಿನಿಂದ ಸವರಿ ನುಣುಪು ಮಾಡಿದ್ದರು. ಸೋಪಿನ ಮೇಲೆ ಬೆರಳಿನ ಗೆರೆ ಹಾಗೇ ಉಳಿದಿತ್ತು.

"ಚಿಲಕ ಏನಾತ್ರಿ?" ಎಂದು ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ತುಕ್ಕು ಹಿಡಿದಿತ್ತು. ಹೊಸದು ತರ್ತೀನಿ ಬಿಡು."

ಅದು ಸ್ಟೀಲಿನ ಚಿಲಕ. ವಾರಕ್ಕೊಮ್ಮೆ ನಾನೇ ಒರೆಸುತ್ತಿದ್ದೆ, ತುಕ್ಕಿನ ಚುಕ್ಕೆಯೂ ಇರಲಿಲ್ಲ. ಆದರೆ ನಾನು ಮತ್ತೆ ಕೇಳಲಿಲ್ಲ. ಹರಿಹರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದೇ ಅದು: ಒಂದು ಸಲ ಮೆಲ್ಲಗೆ ಕೇಳಬೇಕು, ಉತ್ತರ ಸಿಗದಿದ್ದರೆ ಥ್ಯಾಂಕ್ಯೂ ಹೇಳಿ ಕೂರಬೇಕು. ಆ ಶಿಸ್ತಿನಿಂದ ಜೀವನದಲ್ಲಿ ಸುಮಾರು ಒಳ್ಳೆಯದೇ ಆಗಿದೆ. ಕಾಯಿಲೆ ಬಂದಾಗ ಮಾತ್ರ ಅದರಂಥ ಶತ್ರು ಇನ್ನೊಂದಿಲ್ಲ. ಡಾಕ್ಟರ ಬಾಗಿಲ ಮುಂದೆ "ನೀವು ಸ್ವಲ್ಪ ಹೊರಗ ಕೂಡ್ರಿ" ಎನ್ನಿಸಿಕೊಂಡು, ತಮ್ಮದೇ ಕಾಯಿಲೆಯ ಹೊರಗೆ ಕೂತಿರುವವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು ಬೇಸಿಗೆಯಲ್ಲಿ, ಮಧ್ಯಾಹ್ನದ ನಿದ್ದೆಯಿಂದ. ಶಾಮನೂರು ಕಡೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಯಜಮಾನರಿಗೆ ಮಂಡಿಪೇಟೆಯಲ್ಲಿ ಬೆಲ್ಲ, ಒಣಮೆಣಸಿನಕಾಯಿಯ ಸಗಟು ಅಂಗಡಿ. ಅವರು ಊಟ ಮುಗಿಸಿ ಅಂಗಡಿಗೆ ಹೊರಟ ಮೇಲೆ ನಾನು ಒಂದಿಷ್ಟು ಓದಿ ಅಡ್ಡಾಗುವುದು ರೂಢಿ. ಎದ್ದಾಗ ನಾಲಿಗೆಯ ಅಂಚು ಕಚ್ಚಿಹೋಗಿ ಉರಿಯುತ್ತಿತ್ತು. ಮೂಟೆ ಹೊತ್ತವಳ ಹಾಗೆ ತೋಳು, ಬೆನ್ನು ನೋಯುತ್ತಿದ್ದವು. ಇದು ಒಂದು ದಿನ ಆಗಿ, ಕೆಲವು ದಿನ ಬಿಟ್ಟು ಮತ್ತೆ ಆಯಿತು. ಎರಡನೆಯ ಸಲ ಇನ್ನೊಂದು ವಿಷಯ ಕಂಡಿತು. ಮಲಗುವಾಗ ಹಾಸಿಗೆಯ ಮೇಲೆ ಹೂವಿನ ಬೆಡ್‌ಶೀಟ್ ಇತ್ತು, ಎದ್ದಾಗ ಗೆರೆಯದ್ದಿತ್ತು. ನಾನು ಮಲಗಿರುವಾಗಲೇ ಬದಲಾಯಿಸಿದ್ದಾರೆ ಎಂದರೆ ನಾನು ಎಂಥ ನಿದ್ದೆಯಲ್ಲಿದ್ದೆ?

ಕಾಲ ಬಳಿ ಅತ್ತೆ ಕೂತಿದ್ದರು. "ಎದ್ದೇನವ್ವ? ಚಹಾ ಮಾಡ್ಲೇನು?" ಎಂದರು.

ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನನ್ನು ಕರೆಯುವುದು "ಕಾನ್ವೆಂಟು" ಎಂದು. "ಕಾನ್ವೆಂಟು, ಸಾರಿಗೆ ಉಪ್ಪು ಹಾಕೋದನ್ನ ನಿಮ್ ಸಿಸ್ಟರು ಕಲಿಸಲಿಲ್ಲೇನು?" ಎಂದು ದಿನಕ್ಕೊಮ್ಮೆಯಾದರೂ ಚುಚ್ಚದಿದ್ದರೆ ಅವರಿಗೆ ಊಟ ಸೇರದು. ಅಂಥವರು ಅವ್ವ ಎಂದು ಕರೆದು ಚಹಾ ಮಾಡಿಕೊಡುತ್ತೇನೆ ಎಂದಿದ್ದರು. ನಾಲಿಗೆಯ ಗಾಯಕ್ಕಿಂತ ಆ ಚಹಾಕ್ಕೇ ನಾನು ಹೆಚ್ಚು ಹೆದರಿದ್ದು.

ಆಸ್ಪತ್ರೆಗೆ ಕರೆದುಕೊಂಡು ಹೋದರು. ನರರೋಗದ ಡಾಕ್ಟರ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಎದುರಾಗಿ ಹಾಕಿರುತ್ತಾರೆ. ಯಾರ ಕೈ ನಡುಗುತ್ತಿದೆ, ಯಾರ ಬಾಯಿ ಸೊಟ್ಟಗಾಗಿದೆ ಎಂದು ಎಲ್ಲರೂ ಎಲ್ಲರನ್ನೂ ಕದ್ದು ನೋಡುತ್ತಾರೆ. ಪಕ್ಕದ ಹೆಂಗಸು, "ನಿಮಗೇನ್ರಿ?" ಎಂದಳು. "ಸ್ವಲ್ಪ ತಲೆನೋವು" ಎಂದೆ. "ನಮಗೂ ಅಷ್ಟೇರಿ, ಸ್ವಲ್ಪ ತಲೆನೋವು" ಎಂದು ತನ್ನ ಮಗಳನ್ನು ತೋರಿಸಿದಳು. ಆ ಹುಡುಗಿಯ ಹಣೆಯಲ್ಲಿ ಹೊಲಿಗೆಯ ಗುರುತಿತ್ತು, ಮುಂಗೈಯಲ್ಲಿ ಸುಟ್ಟ ಗಾಯ. ಆ ಕೋಣೆಯಲ್ಲಿದ್ದ ಎಲ್ಲರಿಗೂ ಸ್ವಲ್ಪ ತಲೆನೋವೇ.

ಮೊದಲು ಸ್ಕ್ಯಾನ್ ಮಾಡಿದರು, ಆಮೇಲೆ ತಲೆಗೆ ವೈರು ಅಂಟಿಸಿ ಇನ್ನೊಂದು ಪರೀಕ್ಷೆ. ಅಂಟಿಸಿದ ಹುಡುಗಿ ಕಿವಿಯ ಹತ್ತಿರ ಬಗ್ಗಿ, "ಆಂಟಿ, ಮನೆಗೆ ಹೋಗಿ ಕೊಬ್ರಿಎಣ್ಣೆ ಹಚ್ಚಿ, ಆಮೇಲೆ ತಲೆ ತೊಳ್ಕಳ್ರಿ. ಮೊದಲೇ ನೀರು ಹಾಕಿದ್ರೆ ಅಂಟು ಕಲ್ಲಾಗತೈತೆ" ಎಂದಳು. ಆವತ್ತು ನನಗೆ ಯಾರಾದರೂ ನೇರವಾಗಿ ಹೇಳಿದ ನಿಜ ಅದೊಂದೇ. ಡಾಕ್ಟರು ಯಜಮಾನರನ್ನು ಒಳಗೆ ಕರೆದರು. ನಾನು ಹೊರಗೆ ಕೂತು ಬಾಗಿಲಿನ ಅರೆಪಾರದರ್ಶಕ ಗಾಜನ್ನೇ ನೋಡಿದೆ. ಯಜಮಾನರ ನೆರಳು ಒಮ್ಮೆ ತಲೆ ಅಲ್ಲಾಡಿಸಿತು, ಆಮೇಲೆ ಎರಡೂ ಕೈ ಜೋಡಿಸಿತು. ಹೊರಬಂದವರು, "ನರದ ವೀಕ್ನೆಸ್ಸಂತೆ. ಗುಳಿಗೆ ಕೊಟ್ಟಾರೆ" ಎಂದರು. ವೀಕ್ನೆಸ್ಸಿಗೆ ಯಾರೂ ಕೈ ಮುಗಿಯುವುದಿಲ್ಲ.

ಗುಳಿಗೆಗಳು ಹೆಸರು ಅಚ್ಚಾದ ಹಾಳೆಯಲ್ಲಿ ಬರಲಿಲ್ಲ. ಎಲ್ಲವನ್ನೂ ಬಿಡಿಸಿ, ಏಲಕ್ಕಿ ಇಡುತ್ತಿದ್ದ ಸ್ಟೀಲು ಡಬ್ಬಿಗೆ ಹಾಕಿಟ್ಟಿದ್ದರು. ಬೆಳಿಗ್ಗೆಯೊಂದು, ರಾತ್ರಿಯೊಂದು ಯಜಮಾನರೇ ನನ್ನ ಅಂಗೈಗೆ ಹಾಕಿ, ನುಂಗುವವರೆಗೆ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಹೆಸರು ಓದಬಾರದೆಂದೇ ಹೀಗೆ ಮಾಡಿದ್ದಾರೆ ಎಂದು ಗೊತ್ತಾಗಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಗುಳಿಗೆಗೆ ಏಲಕ್ಕಿಯ ವಾಸನೆ ಹತ್ತಿತ್ತು. ಈಗಲೂ ಪಾಯಸದ ವಾಸನೆ ಬಂದರೆ ನನ್ನ ಮೈ ಸ್ವಲ್ಪ ಬಿಗಿಯುತ್ತದೆ.

ಇಲ್ಲಿ ನನ್ನ ಪುಸ್ತಕಗಳ ವಿಷಯ ಹೇಳಬೇಕು. ನಾನು ಓದುವುದು ಮಾಂತ್ರಿಕರ ಕಾದಂಬರಿಗಳು, ದಪ್ಪದಪ್ಪನೆಯ ಇಂಗ್ಲಿಷ್ ಪುಸ್ತಕಗಳು. ಕಾನ್ವೆಂಟಿನ ಗಾಜಿನ ಬೀರುವಿನಿಂದ ಹತ್ತಿದ ಚಟ, ಈಗ ಕಾಲೇಜಿಗೆ ಹೋಗುವ ಮಗಳು ಸಿಂಚನಳಿಗೂ ಹತ್ತಿದೆ. ಕೋಲು ಬೀಸಿದರೆ ಬೆಂಕಿ ಬರುವಂಥ ಸುಲಭದ ಮಾಯೆ ನನಗೆ ಸೇರುವುದಿಲ್ಲ. ಮಾಯೆಗೊಂದು ಕಟ್ಟುನಿಟ್ಟಿನ ಲೆಕ್ಕ ಇರಬೇಕು, ಮಾಡಿದವರು ಏನನ್ನಾದರೂ ತೆರಬೇಕು. ಆಗ ಓದುತ್ತಿದ್ದ ಕಾದಂಬರಿಯಲ್ಲಿ ಕುಂಬಾರರದೊಂದು ಪಟ್ಟಣ. ಅಲ್ಲಿನವರು ಸದ್ದನ್ನು ಒಂದು ಮಡಕೆಯಿಂದ ಇನ್ನೊಂದಕ್ಕೆ ಸುರಿಯಬಲ್ಲರು. ತೀರಿಕೊಂಡವರ ದನಿಯನ್ನೂ ತುಂಬಿಡಬಲ್ಲರು. ಆದರೆ ಒಂದು ಮಡಕೆ ಎಷ್ಟು ಹೊತ್ತು ಮೌನವಾಗಿದೆಯೋ ಅಷ್ಟೇ ಹೊತ್ತಿನ ಸದ್ದು ಅದರಲ್ಲಿ ಹಿಡಿಯುತ್ತದೆ. ನಾಯಕಿಗೆ ಈ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲ. ಸುತ್ತಲಿನವರು ಏನು ಮುಟ್ಟುತ್ತಾರೆ, ಏನು ಮುಟ್ಟುವುದಿಲ್ಲ ಎಂದು ನೋಡುತ್ತ ನೋಡುತ್ತ ಆಕೆಯೇ ಕಂಡುಕೊಳ್ಳಬೇಕು.

ಅತ್ತೆಗೆ ಈ ಪುಸ್ತಕಗಳ ಮೇಲೆ ಮೊದಲಿಂದಲೂ ಕಣ್ಣು. "ಮನ್ಯಾಗ ಮಾಟಮಂತ್ರದ ಪುಸ್ತಕ ಇಟ್ಕಂಡು ಓದ್ತಾರೇನು ಯಾರಾದ್ರೂ? ತಲಿಗೆ ಹತ್ತೈತೆ ನೋಡು" ಎಂದು ಅವರು ಒಂದು ದಿನ ಅಡುಗೆಮನೆಯಲ್ಲಿ ಯಜಮಾನರಿಗೆ ಹೇಳುತ್ತಿದ್ದುದು ಕೇಳಿಸಿತು. ಮಾರನೆಯ ದಿನ ನನ್ನ ಪುಸ್ತಕಗಳು ಅಟ್ಟ ಸೇರಿದ್ದವು. ಏರಿಸಿದವಳು ಸಿಂಚನ.

"ನೀನೂನಾ?" ಎಂದೆ.

"ಅಮ್ಮ ಪ್ಲೀಸ್, ನಿದ್ದೆಗೆಟ್ಟು ಓದಬಾರದಂತೆ ನೀನು." ಓದಬಾರದಂತೆ ಎಂದು ಯಾರು ಹೇಳಿದ್ದು? ಅವಳಿಗೆ ಗೊತ್ತಿದೆ, ನನಗಿಲ್ಲ. ಮನೆಯಲ್ಲಿ ಒಂದು ನಿಯಮ ನಡೆಯುತ್ತಿತ್ತು. ಅದರ ಸುತ್ತ ಎಲ್ಲರೂ ಜಾಗರೂಕತೆಯಿಂದ ಹೆಜ್ಜೆ ಇಡುತ್ತಿದ್ದರು.

ಸರಿ, ನಾಯಕಿಯ ಹಾಗೆ ನಾನೂ ನೋಡತೊಡಗಿದೆ. ನಾನು ಗ್ಯಾಸ್ ಹಚ್ಚಲು ಹೋದರೆ ಯಾರಾದರೊಬ್ಬರು ಬಂದು, "ಬ್ಯಾಡ, ನಾ ಮಾಡ್ತೀನಿ" ಎನ್ನುತ್ತಿದ್ದರು. ಬಟ್ಟೆ ಒಣಹಾಕಲು ತಾರಸಿಗೆ ಬಿಡುತ್ತಿರಲಿಲ್ಲ. ಬಚ್ಚಲಿಗೆ ಚಿಲಕವಿಲ್ಲ, ನೀರು ತುಂಬುತ್ತಿದ್ದ ದೊಡ್ಡ ಹಂಡೆಯೂ ಹೊರಗೆ ಹೋಗಿ ಅದರ ಜಾಗಕ್ಕೆ ಸಣ್ಣ ಬಕೆಟ್ಟು ಬಂದಿತ್ತು. ಒಬ್ಬಳೇ ಆಟೋ ಹತ್ತುವಂತಿಲ್ಲ. ಬೆಂಕಿ, ಎತ್ತರ, ನೀರು, ಒಂಟಿತನ. ಜೋಡಿಸಿ ನೋಡಿದಾಗ ಒಂದೇ ಅರ್ಥ ಹೊಳೆಯಿತು. ನಾನಾಗಿಯೇ ಜೀವ ಕಳೆದುಕೊಳ್ಳುತ್ತೇನೆಂದು ಇವರು ಹೆದರಿದ್ದಾರೆ. ಹಾಗೆ ಹೆದರಬೇಕಾದರೆ ನನಗಿರುವುದು ಅಂಥದ್ದೇ ಇರಬೇಕು. ಮಿದುಳಿನಲ್ಲಿ ಗಡ್ಡೆ. ನನಗೆ ಗೊತ್ತಾದರೆ ತಡೆದುಕೊಳ್ಳಲಾರೆ ಎಂದು ಮುಚ್ಚಿಟ್ಟಿದ್ದಾರೆ.

ಆ ವಾರಗಳನ್ನು ಹೇಗೆ ಕಳೆದೆನೋ. ಸಿಂಚನಳ ಜಡೆ ಹಾಕುವಾಗ ಕೂದಲನ್ನು ಬೇಕೆಂದೇ ನಿಧಾನವಾಗಿ ಬಿಡಿಸುತ್ತಿದ್ದೆ. ಬೀರುವಿನಲ್ಲಿ ಯಾವ ಸೀರೆ ಯಾರಿಗೆ ಎಂದು ಮನಸ್ಸಿನಲ್ಲೇ ಹಂಚಿಬಿಟ್ಟಿದ್ದೆ. ಅತ್ತೆಗೆ ಒಂದೂ ಇಟ್ಟಿರಲಿಲ್ಲ.

ಆದರೆ ಈ ಲೆಕ್ಕಕ್ಕೆ ಹೊಂದದ ವಸ್ತು ಎರಡಿದ್ದವು. ಒಂದು, ಅತ್ತೆಯ ಬೀಗದ ಕೈ ಗೊಂಚಲು. ಹಳೆ ಮನೆಯ ಕಬ್ಬಿಣದ ಕೀಲಿಕೈಗಳವು, ಆ ಬೀಗಗಳು ಯಾವಾಗಲೋ ಗುಜರಿಗೆ ಹೋಗಿವೆ. ದೇವರ ಕೋಣೆಯ ಮೊಳೆಯಲ್ಲಿ ತೂಗುತ್ತಿದ್ದ ಗೊಂಚಲು ಈಗ ಅವರ ಸೊಂಟದಲ್ಲಿತ್ತು, ಮಧ್ಯಾಹ್ನ ನಾನು ಮಲಗಿದಾಗ ದಿಂಬಿನ ಪಕ್ಕದಲ್ಲಿ. ಇನ್ನೊಂದು, ಮಂಚದ ಕೆಳಗೆ ತಟ್ಟೆಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ. ದಿನವೂ ಹೊಸದು. ಕಬ್ಬಿಣ ಇಟ್ಟಿದ್ದು ಗಾಳಿ ಸೋಕಬಾರದೆಂದು ಇರಬಹುದು. ಆದರೆ ಈರುಳ್ಳಿ ಯಾಕೆ? ಗಡ್ಡೆಗೂ ಈರುಳ್ಳಿಗೂ ಏನು ಸಂಬಂಧ? ನನ್ನ ಕಾದಂಬರಿಗಳು ಕಲಿಸಿದ ಪಾಠವೆಂದರೆ, ಒಂದು ಸಣ್ಣ ವಸ್ತು ಹೊಂದದಿದ್ದರೂ ನೀನು ಕಂಡುಕೊಂಡ ನಿಯಮವೇ ತಪ್ಪು ಎಂದು.

ಉತ್ತರ ಸಿಕ್ಕಿದ್ದು ಹರಿಹರದಲ್ಲಿ. ಗುತ್ತೂರಿನ ಹತ್ತಿರ ನನ್ನ ತಂಗಿ ಮನೆ ಕಟ್ಟಿಸಿದ್ದಳು, ಗೃಹಪ್ರವೇಶವಿತ್ತು. ಹೆಂಗಸರೆಲ್ಲ ಕೊಡ ಹಿಡಿದು ಹೊಳೆಗೆ ಗಂಗೆ ತರಲು ಹೊರಟರು. ನಾನೂ ಎದ್ದೆ. ಯಜಮಾನರು ಗಂಡಸರ ಗುಂಪಿನಿಂದಲೇ ಕೂಗಿದರು: "ವೀಣಾ, ನೀ ಬ್ಯಾಡ!" ಎಲ್ಲರೂ ತಿರುಗಿ ನೋಡಿದರು. ತಂಗಿ ನನ್ನ ಕೈಯಿಂದ ಕೊಡ ತೆಗೆದುಕೊಂಡಳು. "ಅಕ್ಕ, ಬಿಸಿಲೈತೆ, ಕೂತ್ಕ" ಎಂದವಳ ಕಣ್ಣು ನನ್ನ ಕಣ್ಣನ್ನು ಸೇರಲಿಲ್ಲ. ಅವಳಿಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ನಾನು ಈಜಿದ ಹೊಳೆ ಅದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಳಿಗೆ ತಿಂದೆ. ಪಕ್ಕದಲ್ಲಿ ಅತ್ತೆ ಕೂತಿದ್ದರು, ಸೊಂಟದಲ್ಲಿ ಗೊಂಚಲು.

ವಾಪಸು ಬರುವಾಗ ಕಾರು ನನ್ನ ಕಾನ್ವೆಂಟಿನ ಮುಂದೆ ಹಾದುಹೋಯಿತು. ಗೇಟಿಗೆ ಹೊಸ ಬಣ್ಣ ಹೊಡೆದಿದ್ದರು. ಒಳಗಡೆ ಆಯಾ ಒಬ್ಬರು ಕೈಯಲ್ಲಿ ಗೊಂಚಲು ಹಿಡಿದು ಬೀಗ ಹಾಕುತ್ತಿದ್ದರು. ಆಗ ನೆನಪಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿ ಕಂಬದ ಹಾಗೆ ಬಿದ್ದಿದ್ದಳು. ಕೈಕಾಲು ಸೆಟೆದು ಬಡಿಯುತ್ತಿದ್ದವು. ಆಯಾ ಓಡಿಬಂದು ಅವಳ ಮುಷ್ಟಿಗೆ ಬೀಗದ ಕೈ ತುರುಕಿದಳು. ಯಾರೋ ಅಡುಗೆಮನೆಯಿಂದ ಈರುಳ್ಳಿ ಜಜ್ಜಿ ತಂದು ಮೂಗಿಗೆ ಹಿಡಿದರು. "ಡೋಂಟ್ ಕ್ರೌಡ್ ಹರ್!" ಎಂದು ಸಿಸ್ಟರ್ ಕೂಗುತ್ತಿದ್ದರು. ಆ ಹುಡುಗಿಯನ್ನು ಆಮೇಲೆ ಶಾಲೆ ಬಿಡಿಸಿದರು. ಅವಳ ಕಾಯಿಲೆಗೆ ಒಂದು ಹೆಸರಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾರಿನಲ್ಲಿ ನಾನೂ ಹೇಳಲಿಲ್ಲ. ಬೆಂಕಿ, ಎತ್ತರ, ನೀರು, ಒಂಟಿತನ, ಕಬ್ಬಿಣ, ಈರುಳ್ಳಿ, ಕಚ್ಚಿದ ನಾಲಿಗೆ, ಬದಲಾದ ಬೆಡ್‌ಶೀಟು. ಎಲ್ಲವೂ ಹೊಂದಿದವು. ಆದರೆ ಹೊಂದಿದ್ದು ನನ್ನ ಊಹೆ ಮಾತ್ರ. ನಿಜವನ್ನು ಅವರೇ ಹೇಳಬೇಕಿತ್ತು.

ಮಾರನೆಯ ಬೆಳಿಗ್ಗೆ ಯಜಮಾನರು ಡಬ್ಬಿ ತೆರೆದು ಗುಳಿಗೆ ನೀಡಿದರು. ನಾನು ಕೈ ಚಾಚಲಿಲ್ಲ.

"ಇದರ ಹೆಸರೇನ್ರಿ?"

"ನರದ ಗುಳಿಗೆ. ತಗ."

"ಹೆಸರು ಕೇಳಿದೆ." ಎರಡನೆಯ ಸಲ ಕೇಳಿದ್ದಕ್ಕೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹೆಸರು ಗೊತ್ತಿಲ್ಲದ್ದನ್ನ ಇನ್ನು ನಾ ನುಂಗೂದಿಲ್ಲ. ಮೂರನೆಯ ಸಲ ಕೇಳೂದೂ ಇಲ್ಲ."

"ತಪ್ಪಿಸಬಾರದು ವೀಣಾ, ಒಂದೂ ತಪ್ಪಿಸಬಾರದು ಅಂದಾರೆ ಡಾಕ್ಟ್ರು" ಎಂದರು. "ತಪ್ಪಿಸಿದ್ರೆ ಏನಾಗ್ತತಿ?" ಎಂದೆ. ಮೆಣಸಿನಕಾಯಿ ಮಾರುವ ಮನುಷ್ಯ, ಮಾತಿನಲ್ಲಿ ಮಂಡಿಪೇಟೆಯನ್ನೇ ಗೆಲ್ಲುವವರು. ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಹಾಗೇ ನಿಂತರು. ಸಿಂಚನ ಬಾಗಿಲಲ್ಲಿ ನಿಂತು ಅಳತೊಡಗಿದಳು. ನನಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ನನ್ನ ಊಹೆ ನಿಜವಾಗಿದ್ದರೆ, ಈ ಹಠದಲ್ಲಿ ನಾನು ಅಲ್ಲೇ ಬೀಳಬಹುದಿತ್ತು.

ಮಾತಾಡಿದ್ದು ಅತ್ತೆ. ದೇವರ ಕೋಣೆಯಿಂದ ವಿಭೂತಿ ಹಚ್ಚಿಕೊಂಡು ಹೊರಬಂದವರು ನೇರ ನನ್ನ ಎದುರು ಕೂತರು.

"ನಿಂಗೆ ಮೂರ್ಛೆ ಬರ್ತೈತೆ."

"ಅವ್ವ!" ಎಂದರು ಯಜಮಾನರು.

"ಸುಮ್ಕಿರಲೇ. ನಿದ್ದಿ ಒಳಗ ಬರ್ತೈತೆ. ಕೈಕಾಲು ಬಡಿತಿ. ಬಾಯಾಗ ನೊರಿ ಬರ್ತೈತೆ, ಬಟ್ಟಿ ಹಸಿ ಆಗ್ತಾವೆ. ನಾ ಬದ್ಲಿ ಮಾಡೀನಿ. ಗುಳಿಗಿ ಶುರುವಾದ ಮ್ಯಾಲೆ ಒಂದೇ ಸಲ ಬಂದೈತೆ, ಆಮ್ಯಾಲೆ ಇಲ್ಲ. ಅದಕ್ಕ ನುಂಗು. ಹಟ ಮಾಡಬ್ಯಾಡ."

ನಾನು ಗುಳಿಗೆ ನುಂಗಿದೆ. ಏಲಕ್ಕಿ ವಾಸನೆ ಗಂಟಲಲ್ಲಿ ಇಳಿಯಿತು. ಆಮೇಲೆ ಕೇಳಿದೆ: "ಗಡ್ಡೆ ಅಲ್ಲ?"

"ಗಡ್ಡೆ ಎಲ್ಲಿದು?" ಅತ್ತೆಗೆ ಆಶ್ಚರ್ಯವಾಯಿತು. "ಸ್ಕ್ಯಾನ್ ಒಳಗ ತಲಿ ಚೊಕ್ಕ ಐತಂತೆ. ಆ ನಿನ್ನ ಮಾಟದ ಪುಸ್ತಕ ಒಂದೂ ಅದ್ರಾಗ ಕಂಡಿಲ್ಲಂತೆ."

ಅಳುತ್ತಿದ್ದ ಸಿಂಚನ ಒಮ್ಮೆಲೇ ನಕ್ಕಳು. ನನಗೆ ನಗು ಬರಲಿಲ್ಲ. "ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದೆ.

ಅತ್ತೆ ಗೊಂಚಲನ್ನು ಸೊಂಟದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಾವಿಗೆ ಹಾವು ಅಂತೀವೇನು? ಹುಳ ಅಂತೀವಿ. ಸಿಡುಬಿಗೆ ಅಮ್ಮ ಅಂತೀವಿ. ಹೆಸರು ಹಿಡಿದು ಕರದ್ರ ಬರ್ತಾವೆ ಅಂತ. ನಮ್ಮಕ್ಕಗೂ ಇದೇ ಇತ್ತು. ಮದ್ವಿ ಆದ ಮ್ಯಾಲೆ ಅತ್ತಿ ಮನಿಯೋರು ಹೆಸರಿಟ್ಟು ಕೂಗಿ ಕೂಗಿ, ಓಣಿಗೆಲ್ಲ ಕೇಳಿಸಿ ತವರಿಗೆ ಕಳಿಸಿದ್ರು. ಕೊನಿಗೆ ಹಿತ್ಲಾಗ ನೀರು ಕಾಸೋಕೆ ಹೋದಾಕಿ ಒಲಿ ಮುಂದ..." ಅಲ್ಲಿಗೇ ನಿಲ್ಲಿಸಿದರು. "ನಾ ಹೆಸರು ತೆಗೀಬ್ಯಾಡ್ರಿ ಅಂತ ಇವರಿಗೆಲ್ಲ ಆಣಿ ಹಾಕಿದ್ದೆ. ಡಾಕ್ಟರಿಗೂ ಕೈ ಮುಗಿ ಅಂತ ಇವನಿಗೆ ಹೇಳಿ ಕಳಿಸಿದ್ದೆ. ಚಿಲಕ ಬಿಚ್ಚಿದಾಕಿ ನಾನೇ."

ಸೋಪಿನ ಮೇಲಿನ ಬೆರಳಿನ ಗೆರೆ ಯಾರದೆಂದು ನನಗೆ ಆಗ ಗೊತ್ತಾಯಿತು. ಮಾಟಮಂತ್ರದ ಪುಸ್ತಕ ಎಂದು ಬೈಯುವ ಹೆಂಗಸು ನನ್ನ ಮನೆಯಲ್ಲೇ ಒಂದು ಮಾಯೆಯನ್ನು ಕಟ್ಟಿ ಕಾಯುತ್ತಿದ್ದಳು, ಮಡಕೆ ತುಂಬ ಮೌನ. ಕೋಪವೂ ಬಂತು. ಈ ಪ್ರೀತಿ ನನ್ನನ್ನು ವಾರಗಟ್ಟಲೆ ಸಾವಿನ ಪಕ್ಕ ಕೂರಿಸಿತ್ತು. ಅದನ್ನೂ ಹೇಳಿದೆ. ಅತ್ತೆ ಕೇಳಿಸಿಕೊಂಡರು. "ತಪ್ಪಾಗೈತೆ" ಎನ್ನಲಿಲ್ಲ, ಅದು ಅವರ ಬಾಯಿಂದ ಬರುವಂಥ ಮಾತಲ್ಲ. "ಚಹಾ ಮಾಡ್ಲೇನು?" ಎಂದರು.

ಮುಂದಿನ ಸಲ ಡಾಕ್ಟರ ಕೋಣೆಗೆ ನಾನೇ ಹೋದೆ. ಯಜಮಾನರು ಹೊರಗೆ ಕೂತರು. ಡಾಕ್ಟರು ಗುಳಿಗೆಯ ಹೆಸರು ಹೇಳಿ, ಇನ್ನು ಎಷ್ಟು ಕಾಲ ನುಂಗಬೇಕಾಗಬಹುದು, ಯಾವುದರಲ್ಲಿ ಎಚ್ಚರವಿರಬೇಕು, ನಾನಾಗಿ ಯಾಕೆ ನಿಲ್ಲಿಸಬಾರದು ಎಂದು ವಿವರಿಸಿದರು. ಓದಬಹುದು, ನಿದ್ದೆಗೆಡಬಾರದು. ಬೀಗದ ಕೈಯಿಂದ ಏನೂ ಆಗುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ಹಾಕದೆ, ನಿಲ್ಲುವವರೆಗೆ ಪಕ್ಕದಲ್ಲಿರಬೇಕು. "ಮೊದಲೇ ನಿಮ್ಮ ಹತ್ರ ಮಾತಾಡಬೇಕಿತ್ತಮ್ಮ" ಎಂದು ತಾವಾಗಿ ಹೇಳಿದರು. ನಾನು ಥ್ಯಾಂಕ್ಯೂ ಹೇಳಿ ಎದ್ದು ಬರಲಿಲ್ಲ. ಕೇಳಬೇಕಾದುದು ಇನ್ನೂ ಇತ್ತು, ಕೂತು ಕೇಳಿದೆ.

ಕಾಯುವ ಕೋಣೆಯಲ್ಲಿ ಹೊಸ ಮುದುಕಿಯೊಬ್ಬಳು, "ನಿಮಗೇನ್ರಿ?" ಎಂದಳು.

"ಫಿಟ್ಸ್" ಎಂದೆ. ಆಕೆ ಸೆರಗು ಎಳೆದುಕೊಂಡು ದೂರ ಸರಿಯುತ್ತಾಳೆ ಎಂದುಕೊಂಡೆ. ಆಕೆ ಹತ್ತಿರ ಸರಿದು, ಮೆಲ್ಲಗೆ ಕೇಳಿದಳು: "ನನ್ ಮೊಮ್ಮಗಂಗೂ ಅದೇರಿ. ನೀವು ಅಡಿಗಿ ಮಾಡ್ತೀರೇನು? ಎಲ್ಲ ಮಾಡ್ತೀರೇನು?"

"ಮಾಡ್ತೀನಿ. ಉಪ್ಪು ಮಾತ್ರ ಹೆಚ್ಚುಕಡಿಮೆ ಆಗ್ತೈತೆ" ಎಂದೆ.

ಈಗ ಬಹಳ ತಿಂಗಳಿಂದ ನನಗೆ ಮೂರ್ಛೆ ಬಂದಿಲ್ಲ. ಗುಳಿಗೆಗಳು ತಮ್ಮ ಹಾಳೆಯಲ್ಲೇ ಇವೆ, ಏಲಕ್ಕಿ ತನ್ನ ಡಬ್ಬಿಗೆ ಮರಳಿದೆ. ಈರುಳ್ಳಿ ಸಾರಿಗೆ ಹೋಗುತ್ತದೆ. ಅನುಮಾನ ಪೂರ್ತಿ ಹೋಗಿಲ್ಲ. ಯಾರಾದರೂ ನನ್ನ ಜೊತೆ ಜಾಸ್ತಿ ಮೆತ್ತಗೆ ಮಾತಾಡಿದರೆ ಈಗಲೂ ಬೆಡ್‌ಶೀಟಿನ ಕಡೆ ಕಣ್ಣು ಹೋಗುತ್ತದೆ.

ಚಿಲಕ ಇನ್ನೂ ಬಂದಿಲ್ಲ. ಅದು ಸದ್ಯಕ್ಕೆ ಬೇಡ ಎಂದು ಡಾಕ್ಟರೂ ಹೇಳಿದ್ದಾರೆ. ಆದರೆ ಬಾಗಿಲು ತೆರೆದು ಇಣುಕುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ನಾನು, ಅತ್ತೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನಾನು ಸ್ನಾನ ಮಾಡುವಾಗ ಅವರು ಹೊರಗೆ ಸ್ಟೂಲು ಹಾಕಿ ಕೂರುತ್ತಾರೆ, ನಾನು ಒಳಗಿಂದ ಮಾತಾಡುತ್ತಿರಬೇಕು. ದನಿ ಕೇಳುತ್ತಿರುವವರೆಗೆ ಬಾಗಿಲು ಮುಟ್ಟುವಂತಿಲ್ಲ. ದಿನವೂ ಏನು ಮಾತಾಡುವುದು? ಕುಂಬಾರರ ಪಟ್ಟಣದ ಕಥೆಯನ್ನೇ ಹೇಳತೊಡಗಿದೆ. ಮೊದಲ ದಿನ ಅತ್ತೆ ಶಿವಶಿವ ಎಂದರು. ಈಗ ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನನಗಿಂತ ಚೆನ್ನಾಗಿ ಅವರಿಗೇ ನೆನಪಿರುತ್ತದೆ. ಗೊಂಚಲು ಇನ್ನೂ ಅವರ ಹತ್ತಿರವೇ ಇದೆ. ಡಾಕ್ಟರು ಹೇಳಿದ್ದನ್ನು ತಿಳಿಸಿದಾಗ, "ನಿನ್ನ ಕೈಗೆ ಕೊಡಲ್ಲ ಬಿಡು. ನಾ ಹಿಡಕಂತೀನಿ, ನಂಗ ಹೆದ್ರಿಕಿ ಆಗ್ತೈತೆ" ಎಂದಿದ್ದರು.

ನಿನ್ನೆ, ಮುದಿ ಕುಂಬಾರ ಗುರು ನಾಯಕಿಯ ಕೈಗೆ ಖಾಲಿ ಮಡಕೆ ಕೊಡುವ ಕಡೆಗೆ ಬಂದಿದ್ದೆ. ತಲೆಯ ಮೇಲೆ ನೀರು ಸುರಿದುಕೊಂಡೆ, ಉಸಿರು ಹಿಡಿದದ್ದರಿಂದ ಮಾತು ನಿಂತಿತು. ಹೊರಗೆ ಕೀಲಿಕೈಗಳು ಝಲ್ಲೆಂದವು.

"ಇದೀನಿ ಅತ್ತೆ, ಕಣ್ಣಾಗ ಸೋಪು."

ಕೀಲಿಕೈ ಸುಮ್ಮನಾದವು. ಸ್ಟೂಲು ಕಿರ್ರೆಂದಿತು.

"ಕಾನ್ವೆಂಟು, ಮುಂದ ಹೇಳು," ಎಂದರು ಅತ್ತೆ. "ಆ ಗುರು ಮ್ಯಾಲೆ ನಂಗ ಮೊದ್ಲಿಂದ ಅನುಮಾನ ಐತೆ. ಅವನಿಗೆ ಎಲ್ಲ ಗೊತ್ತೈತೆ. ಹುಡುಗಿಗೆ ಯಾಕ ಹೇಳವಲ್ಲ ಅವನು?"